ಒಂದೇ ಕಿಂಡಿಯಲ್ಲಿ ಮೂರು ಜಾಲ

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಕೊರಿಯರ್‌ನವನು ತಂದ ರಟ್ಟಿನ ಡಬ್ಬವನ್ನು ಕೇಬಲಣ್ಣ ಡಯಾಲಿಸಿಸ್ ವಿಭಾಗದ ಮೇಜಿನ ಮೇಲಿಟ್ಟು, ಮನೆಯ ಬೀಗದ ಕೈಯಿಂದಲೇ ಟೇಪು ಸೀಳಿದ. ಒಳಗಿದ್ದ ಹೊಸ ಕಂಪ್ಯೂಟರ್ ಊಟದ ಡಬ್ಬಿಯಷ್ಟಿತ್ತು. ಅವನು ಮೊದಲು ನೋಡಿದ್ದು ಅದರ ಬೆನ್ನನ್ನು. ನೆಟ್‌ವರ್ಕ್ ತಂತಿ ಸಿಕ್ಕಿಸುವ ಕಿಂಡಿ ಒಂದೇ ಒಂದು. ತಿರುಗಿಸಿದ, ಮಗುಚಿದ, ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದ. ಎಷ್ಟು ಸಲ ನೋಡಿದರೂ ಒಂದೇ.

ಬಾಗಿಲ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ ಅವನ ಅಕ್ಕ ಕೇಳಿದಳು. "ಏನೋ ಅದು, ಸಂತೇಲಿ ಕುಂಬಳಕಾಯಿ ನೋಡೋ ಹಾಗೆ ತಿರುಗಿಸಿ ತಿರುಗಿಸಿ ನೋಡ್ತಿದೀಯಾ?"

"ಮೂರು ಕಿಂಡಿ ಬೇಕಿತ್ತು ಅಕ್ಕಾ. ಒಂದೇ ಇದೆ."

"ನಮ್ಮಮ್ಮನಿಗೂ ಮೂರು ಗಂಡು ಬೇಕಿತ್ತಂತೆ. ಹುಟ್ಟಿದ್ದು..." ಅವಳು ಉಸಿರಿಗಾಗಿ ನಿಂತಳು. "ಹುಟ್ಟಿದ್ದು ನೀನೊಬ್ಬ. ಸುಧಾರಿಸ್ಕೊಂಡು ಹೋಗ್ಲಿಲ್ವಾ ಪಾಪ?"

ಮೊದಲಾಗಿದ್ದರೆ ಅವನು ನಗುತ್ತಿದ್ದ. ಈಗ ಅವನಿಗೆ ಕೇಳಿಸಿದ್ದು ನಡುವಿನ ಆ ಉಸಿರು ಮಾತ್ರ. ಅಕ್ಕನ ಕಾಲಿನಲ್ಲಿದ್ದದ್ದು ಅವನ ಚಪ್ಪಲಿ. ಅವಳದು ಶನಿವಾರದಿಂದಲೇ ಪಾದಕ್ಕೆ ಹತ್ತುತ್ತಿರಲಿಲ್ಲ.

ಅವಳಿಗೆ ಎರಡೂ ಮೂತ್ರಪಿಂಡ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿಯ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂತು ರಕ್ತ ಶುದ್ಧ ಮಾಡಿಸಿಕೊಂಡು ಹೋಗುವುದು, ದಿನಕ್ಕೆ ಅರ್ಧ ಲೀಟರ್ ನೀರಿನಲ್ಲಿ ಬದುಕುವುದು, ಬಾಯಾರಿದರೆ ಐಸ್ ತುಂಡೊಂದನ್ನು ಚೀಪುವುದು. ಈ ಲೆಕ್ಕ ತಪ್ಪಿದ್ದು ಹಿಂದಿನ ಶುಕ್ರವಾರ. ಅಂದು ಬೆಳಿಗ್ಗೆ ಕರೆಂಟು ಹೋಗಿ ಬಂದ ಭರಕ್ಕೆ ವಿಭಾಗದ ಮೇಜಿನ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಶುಕ್ರವಾರದ ಪಾಳಿ ರದ್ದಾಯಿತು, ಶನಿವಾರದ್ದೂ ರದ್ದಾಯಿತು. ಕೆಲವರು ಬೇರೆ ಊರುಗಳಲ್ಲಿ ಜಾಗ ಹುಡುಕಿಕೊಂಡರು. ಅಕ್ಕನಿಗೆ ಎಲ್ಲೂ ಸಿಗಲಿಲ್ಲ. ಬುಧವಾರ ಇಳಿದವಳು ಮತ್ತೆ ಕುರ್ಚಿ ಹತ್ತದೆ ಐದನೆಯ ದಿನ. ತೂಕ ಐದೂವರೆ ಕಿಲೋ ಏರಿತ್ತು, ಅಷ್ಟೂ ನೀರು. ಡಾಕ್ಟರು ಹಿಂದಿನ ಸಂಜೆ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನಾಳೆ ಆಗ್ಲೇಬೇಕು. ನಾಡಿದ್ದಿನ ಮಾತು ನನ್ನ ಹತ್ರ ಆಡ್ಬೇಡಿ."

ಒಂದು ಕಂಪ್ಯೂಟರ್ ಸುಟ್ಟರೆ ಎಂಟು ಕುರ್ಚಿ ಯಾಕೆ ನಿಲ್ಲಬೇಕು ಎಂಬುದಕ್ಕೆ ಗೋಡೆಯ ಮೇಲೆ ಕೆಂಪು ಚೌಕಟ್ಟಿನಲ್ಲಿ ಉತ್ತರವಿತ್ತು. ಕುರ್ಚಿಗಳ ಯಂತ್ರಗಳು, ನೀರು ಶುದ್ಧ ಮಾಡುವ ಘಟಕ, ರೋಗಿಗಳ ದಾಖಲೆ, ಈ ಮೂರೂ ಮೇಜಿನ ಪರದೆಯ ಮೇಲೆ ಕಾಣದೆ ಯಾರಿಗೂ ಆರಂಭಿಸುವಂತಿಲ್ಲ. ಆರಂಭಿಸಿದ ಮೇಲೆ ಹತ್ತು ನಿಮಿಷ ಕಾಣದೆ ಹೋದರೆ ನಿಲ್ಲಿಸತಕ್ಕದ್ದು. ಯಂತ್ರದೊಳಗೆ ಒಬ್ಬ ರೋಗಿಯ ರಕ್ತದಿಂದ ತೆಳು ಪೊರೆಯೊಂದರ ಆಚೆಗೆ ನಾಲ್ಕು ಗಂಟೆಯಲ್ಲಿ ನೂರು ಲೀಟರಿಗೂ ಮೀರಿ ನೀರು ಹರಿಯುತ್ತದೆ. ಆರು ವರ್ಷದ ಹಿಂದೆ ಘಟಕದ ಶೋಧಕ ಕೆಟ್ಟದ್ದು ಯಾರ ಕಣ್ಣಿಗೂ ಬೀಳದೆ ಏಳು ಜನ ಕುರ್ಚಿಯಲ್ಲೇ ಗಡಗಡ ನಡುಗಿದ್ದರು. ಅಂದು ಪಾಳಿಯಲ್ಲಿದ್ದವರು ಈಗ ವಿಭಾಗದ ಮುಖ್ಯ ದಾದಿ, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್. ಆ ಚೌಕಟ್ಟನ್ನು ಗೋಡೆಗೆ ಹೊಡೆಸಿದವರೂ ಅವರೇ.

ಸುಟ್ಟುಹೋದ ಕಂಪ್ಯೂಟರಿನಲ್ಲಿ ಮೂರು ನೆಟ್‌ವರ್ಕ್ ಕಾರ್ಡು, ಮೂರು ತಂತಿ, ಮೂರು ಜಾಲ. ಆಸ್ಪತ್ರೆಯ ಕಂಪ್ಯೂಟರುಗಳಿಗೆ ಒಮ್ಮೆ ವೈರಸ್ ಹೊಕ್ಕ ಮೇಲೆ ಒಂದರ ರೋಗ ಇನ್ನೊಂದಕ್ಕೆ ಅಂಟದಿರಲಿ ಎಂದು ಜಾಲಗಳನ್ನು ಹಾಗೆ ಬೇರೆ ಬೇರೆ ಇಟ್ಟಿದ್ದರು. ಪೆನ್‌ಡ್ರೈವ್ ಹಾಕುವ ಕಿಂಡಿಗಳಿಗೆ ಕೂಡ ಅಂಟು ಸುರಿದು ಮುಚ್ಚಬೇಕೆಂಬ ನಿಯಮ ಬಂದದ್ದು ಆಗಲೇ. ಹಾಗಾಗಿ ಆ ಕಿಂಡಿಗಳಲ್ಲಿ ಇನ್ನೊಂದು ಕಾರ್ಡು ಸಿಕ್ಕಿಸುವ ದಾರಿಯೂ ಇಲ್ಲ. ಉಳಿದದ್ದು ಒಂದೇ ಉಪಾಯ. ಇರುವ ಒಂದು ಕಾರ್ಡಿನಲ್ಲೇ ಮೂರು ಜಾಲವನ್ನೂ ಹಾಯಿಸುವುದು.

ಕೇಬಲಣ್ಣ ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಬೆಂಚಿನ ತುದಿಯಲ್ಲೇ ಕೂತ. ನಲವತ್ತೇಳು ವರ್ಷದ, ಬೆರಳ ತುದಿಗಳು ಒರಟಾದ ಮನುಷ್ಯ. ಮೊದಲು ಟೆಲಿಫೋನ್ ಕಂಬ ಹತ್ತುತ್ತಿದ್ದ. ಕಂಬಗಳು ಮೂಲೆಗೆ ಬಿದ್ದ ಮೇಲೆ ಇಲ್ಲಿ ಕಂಪ್ಯೂಟರ್ ತಂತಿ ಎಳೆಯುವ ಕೆಲಸಕ್ಕೆ ಸೇರಿ, ಉಳಿದದ್ದನ್ನೆಲ್ಲ ನೋಡಿ ನೋಡಿ ಕಲಿತ. ಅವನಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೋದಳು. ಅಕ್ಕನಿಗೆ ಆಗ ಇಪ್ಪತ್ತು. ಅಂಚೆ ಕಚೇರಿಯಲ್ಲಿ ಕಾಗದ ಬೇರ್ಪಡಿಸುವ ಕೆಲಸ ಹಿಡಿದು ತಮ್ಮನನ್ನು ಸಾಕಿದಳು.

"ಮಾತಾಡ್ತಾ ಮಾಡೋ," ಎಂದಳು ಅಕ್ಕ. "ಬಾಯಿ ಮುಚ್ಚಿಕೊಂಡು ಮಾಡಿದ್ರೆ ನಿನ್ನ ಮುಖ ನೋಡೋಕೆ ಭಯ ಆಗತ್ತೆ."

"ಏನಂತ ಹೇಳ್ಲಿ? ತಂತಿ ಒಂದೇ. ಕಳಿಸೋ ಪ್ರತಿಯೊಂದು ತುಣುಕಿಗೂ ಒಂದು ನಂಬರ್ ಚೀಟಿ ಹಚ್ತೀವಿ. ಹತ್ತು ಅಂದ್ರೆ ಕುರ್ಚಿ, ಇಪ್ಪತ್ತು ಅಂದ್ರೆ ನೀರು, ಮೂವತ್ತು ಅಂದ್ರೆ ದಾಖಲೆ. ಆ ಕಡೆ ಸ್ವಿಚ್ಚು ಚೀಟಿ ನೋಡಿ ಬೇರೆ ಬೇರೆ ಮಾಡತ್ತೆ. ಈ ಕಡೆ ಕಂಪ್ಯೂಟರು ತನಗೆ ಮೂರು ಕಾರ್ಡಿದೆ ಅಂತಲೇ ಅಂದ್ಕೊಳ್ಳತ್ತೆ."

"ಒಂದೇ ಚೀಲ, ಮೂರು ಊರಿನ ಕಾಗದ. ಅಷ್ಟೇನಾ? ನಾನು ಇಪ್ಪತ್ತೆರಡು ವರ್ಷ ಮಾಡಿದ್ದು ಇನ್ನೇನು? ನಿನಗೆ ಇದಕ್ಕೆ ಕಂಪ್ಯೂಟರ್ ಬೇರೆ ಕೊಟ್ಟಿದಾರೆ."

"ಚೀಟಿ ಎರಡೂ ಕಡೆ ಒಂದೇ ಇರ್ಬೇಕು. ಒಂದು ಕಡೆ ತಪ್ಪಿದ್ರೆ ಚೀಲ ತೆಗೆಯೋದೇ ಇಲ್ಲ, ಎಸೆದುಬಿಡತ್ತೆ."

"ನಮ್ಮಲ್ಲಿ ಎಸೀತಿರ್ಲಿಲ್ಲಪ್ಪ. ವಾಪಸ್ ಕಳಿಸ್ತಿದ್ವಿ." ಅವಳು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದಳು. "ಮಾಡು, ಮಾಡು."

ಎಂಟೂವರೆಗೆ ಈ ಬದಿಯ, ಕಂಪ್ಯೂಟರಿನ ಕೆಲಸ ಮುಗಿಯಿತು. ಇನ್ನು ಆ ಬದಿಯ ಸ್ವಿಚ್. ಅದು ಇಪ್ಪತ್ತನಾಲ್ಕು ಕಿಂಡಿಯ ಉದ್ದನೆಯ ಪೆಟ್ಟಿಗೆ. ವಿಭಾಗದ ತಂತಿಗಳು ಹೋಗಿ ಸೇರುವುದು ಅದರಲ್ಲಿ. ಅದಿದ್ದದ್ದು ಓಣಿಯ ಕಬ್ಬಿಣದ ಕಪಾಟಿನಲ್ಲಿ, ಕಪಾಟಿಗೆ ಬೀಗ, ಬೀಗದ ಕೈ ಅವನ ಮೇಲಧಿಕಾರಿಯ ಜೇಬಿನಲ್ಲಿ, ಮೇಲಧಿಕಾರಿ ತರಬೇತಿಗೆಂದು ದೂರದ ಊರಿನಲ್ಲಿ, ಬರುವುದು ಮಂಗಳವಾರ. ಮೂರನೆಯ ಮಹಡಿಯ ತನ್ನ ಕೋಣೆಯಿಂದ ಜಾಲದ ಮೂಲಕವೇ ಸ್ವಿಚ್ಚಿನೊಳಗೆ ಹೊಕ್ಕು ಕೇಬಲಣ್ಣ ಕೆಲಸ ಮಾಡಬೇಕಿತ್ತು.

ತೊಡಕು ಇನ್ನೊಂದಿತ್ತು. ನೀರಿನ ಜಾಲ ಆ ಕಪಾಟಿನವರೆಗೆ ಬಂದೇ ಇರಲಿಲ್ಲ. ಹಿಂದೆ ಅದು ಮೇಲಿನ ಮಹಡಿಯಿಂದ ಪ್ರತ್ಯೇಕ ತಂತಿಯಲ್ಲಿ ನೇರ ಹಳೆಯ ಕಂಪ್ಯೂಟರಿಗೆ ಬರುತ್ತಿತ್ತು. ಈಗ ಅದನ್ನು ಕಪಾಟಿಗೆ ತರಬೇಕೆಂದರೆ ಮೇಲಿನಿಂದ ಕಪಾಟಿಗೆ ಇಳಿಯುವ ಮುಖ್ಯ ತಂತಿಯ ನಂಬರ್ ಪಟ್ಟಿಯನ್ನೇ ಬದಲಿಸಬೇಕು. ಅವನು ಸ್ವಿಚ್ಚಿನೊಳಗೆ ಹೋಗುವುದೂ ಆ ತಂತಿಯ ಮೇಲೆಯೇ. ಒಂದಂಕಿ ತಪ್ಪಿದರೂ ಅವನೇ ಹೊರಗುಳಿಯುತ್ತಾನೆ. ಹತ್ತು ವರ್ಷದ ಹಿಂದೆ ಒಂದು ಶಾಖಾ ಚಿಕಿತ್ಸಾಲಯದಲ್ಲಿ ಹಾಗೆಯೇ ಆಗಿ, ಒಂದು ಸಾಲು ತಿದ್ದಲು ನಾಲ್ಕು ಗಂಟೆ ಬಸ್ಸಿನಲ್ಲಿ ನಿಂತು ಹೋಗಿದ್ದ.

ಅಂದಿನಿಂದ ಅವನಿಗೊಂದು ಅಭ್ಯಾಸ ಇತ್ತು. ದೂರದಿಂದ ಏನನ್ನೇ ಬದಲಿಸುವ ಮುಂಚೆ ಸ್ವಿಚ್ಚಿಗೆ ಒಂದು ಗಡುವು ಇಡುವುದು. ಇಷ್ಟು ನಿಮಿಷಕ್ಕೆ ನೀನಾಗಿಯೇ ಆರಿ ಮತ್ತೆ ಹತ್ತಿಕೋ ಎಂದು. ಬದಲಾವಣೆಯನ್ನು ಸ್ವಿಚ್ಚಿನ ಕಾಯಂ ನೆನಪಿಗೆ ಬರೆಯದಿದ್ದರೆ, ಅದು ಎದ್ದಾಗ ಹಳೆಯ ಸ್ಥಿತಿಗೆ ಮರಳುತ್ತದೆ. ತಪ್ಪಿದರೆ ಹಿಂದಕ್ಕೆ ಬರಲು ದಾರಿ ಇರುತ್ತದೆ. ಎಲ್ಲ ಸರಿಹೋದರೆ ಕೊನೆಗೆ ಮಾಡಬೇಕಾದದ್ದು ಎರಡು ಕೆಲಸ. ಹೊಸದನ್ನು ಕಾಯಂ ಬರೆಯುವುದು, ಗಡುವನ್ನು ಕಿತ್ತುಹಾಕುವುದು. ಎರಡು ಸಾಲು, ಇಪ್ಪತ್ತು ಸೆಕೆಂಡು.

ಎಂಟು ನಲವತ್ತೊಂದಕ್ಕೆ ಅವನು ಅರ್ಧ ಗಂಟೆಯ ಗಡುವು ಇಟ್ಟ. ಮುಖ್ಯ ತಂತಿಗೆ ನೀರಿನ ಜಾಲ ಸೇರಿಸಿದ. ಪರದೆ ಒಂದು ಕ್ಷಣ ಸ್ತಬ್ಧವಾಗಿ, ಮತ್ತೆ ಮಿಟುಕಿತು. ಒಳಗೇ ಇದ್ದ. ಡಯಾಲಿಸಿಸ್ ಮೇಜಿನ ಕಿಂಡಿಗೆ ಮೂರೂ ನಂಬರು ಬಿಟ್ಟ. ಎಂಟು ನಲವತ್ತೊಂಬತ್ತಕ್ಕೆ ಮೇಜಿನ ಫೋನು ಬಡಿದುಕೊಂಡಿತು.

"ಬಂತು ಕೇಬಲಣ್ಣಾ! ಮೂರೂ ಬಂತು!" ದೊಡ್ಡ ಸಿಸ್ಟರ್ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲೇ ಇಲ್ಲ. "ನೀರು ತೋರಿಸ್ತಿದೆ, ಮೀಟರ್ ಸರಿಯಾಗಿದೆ. ನಿಮ್ಮಕ್ಕ ಯಾಕೋ ಬೆಂಚಿಂದ ವಾಲ್ತಿದಾರೆ, ಬನ್ನಿ ಸ್ವಲ್ಪ!"

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಓಡಿದ. ಆ ಎರಡು ಸಾಲು ಬರೆಯದೆಯೇ ಉಳಿದವು.

ಅಕ್ಕ ವಾಲಿದ್ದಳು, ಬಿದ್ದಿರಲಿಲ್ಲ. ಪಾಳಿಯ ಪ್ರಕಾರ ಅವಳದು ನಾಲ್ಕನೆಯ ಸರದಿ. ಮೊದಲನೆಯದು ಒಬ್ಬ ಟೈಲರ್‌ನದು.

"ಸಿಸ್ಟರ್, ಮೊದ್ಲು ನಮ್ಮಕ್ಕನ್ನ ಹಾಕಿ," ಎಂದ ಕೇಬಲಣ್ಣ. "ಕೈ ಮುಗೀತೀನಿ."

ದೊಡ್ಡ ಸಿಸ್ಟರ್ ಟೈಲರ್ ಕಡೆ ನೋಡಿದರು. ಅವನು ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದ. "ಹಾಕಿ ಸಿಸ್ಟರ್. ಅವರ ಉಸಿರು ನಮ್ಮ ಹಳೇ ಹೊಲಿಗೆ ಮಿಷನ್ ತರಾ ಕೇಳ್ತಿದೆ. ಅವರದಾದ್ಮೇಲೆ ನನಗೆ ಚುಚ್ಚಿ, ನಾನೇನು ಮದುವೆಗೆ ಹೊರಟಿಲ್ಲ."

ಎಂಟು ಐವತ್ತೆಂಟಕ್ಕೆ ಅಕ್ಕನ ರಕ್ತ ಕೊಳವೆಯಲ್ಲಿ ಹರಿಯತೊಡಗಿತು. ಕೇಬಲಣ್ಣ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಅವಳ ಕಾಲಿನಿಂದ ತನ್ನ ಚಪ್ಪಲಿ ಬಿಡಿಸಿದ. ಚಪ್ಪಲಿಯ ಪಟ್ಟಿ ಪಾದದಲ್ಲಿ ಬೆರಳಾಳದ ಗೆರೆ ಕೊರೆದಿತ್ತು.

"ನಾಲ್ಕು ಗಂಟೆ ಮಲ್ಕೋ," ಎಂದ.

"ನೀನು ಮೊದ್ಲು ಹೋಗಿ ಏನಾದ್ರೂ ತಿನ್ನು. ಬಾಯಿ ವಾಸನೆ ಬರ್ತಿದೆ," ಎಂದಳು ಅವಳು. ಈ ಸಲ ಅವಳು ನಡುವೆ ಉಸಿರಿಗಾಗಿ ನಿಲ್ಲಲಿಲ್ಲ. ಇಷ್ಟು ಬೇಗ ನೀರು ಇಳಿಯುವುದಿಲ್ಲ, ಅದು ಬರೀ ಸಮಾಧಾನದ ಗುಣ ಎಂದು ಅವನಿಗೆ ಗೊತ್ತಿತ್ತು. ಆದರೂ ಅವನ ಭುಜದ ಬಿಗಿ ಸಡಿಲಿತು.

ಒಂಬತ್ತು ಏಳಕ್ಕೆ ಟೈಲರ್‌ನದು ಶುರುವಾಯಿತು. ಮೂರನೆಯವರಿಗೆ ಸೂಜಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಪರದೆಯ ಮೂರೂ ಚೌಕಗಳು ಒಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿದವು.

ದೊಡ್ಡ ಸಿಸ್ಟರ್ ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರವನ್ನು ಎತ್ತಿ ನೋಡಿದರು. ಕೇಬಲಣ್ಣ ಗೋಡೆಯ ಗಡಿಯಾರ ನೋಡಿದ. ಒಂಬತ್ತು ಹನ್ನೊಂದು. ನಲವತ್ತೊಂದಕ್ಕೆ ಮೂವತ್ತು ಸೇರಿಸಲು ಅವನಿಗೆ ಹೊತ್ತು ಹಿಡಿಯಲಿಲ್ಲ.

"ಏನಾಯ್ತು?" ಎಂದರು ಸಿಸ್ಟರ್.

"ನಾನೇ," ಎಂದ ಅವನು, ಎದ್ದು ಓಡಿದ.

ಮೂರು ಮಹಡಿ, ಅರವತ್ತಾರು ಮೆಟ್ಟಿಲು. ಕೋಣೆಗೆ ಬಂದು ಕೂತರೆ ಸ್ವಿಚ್ ಉತ್ತರಿಸುತ್ತಿರಲಿಲ್ಲ. ಹದಿನಾಲ್ಕು ವರ್ಷದ ಮುದಿ ಪೆಟ್ಟಿಗೆ. ಆರಿ ಹತ್ತಲು ಅದಕ್ಕೆ ಒಂಬತ್ತು ನಿಮಿಷ ಬೇಕು. ಕೈಯಿಂದ ಅಲ್ಲಾಡಿಸಿದರೂ, ಬೈದರೂ, ಬೇಡಿಕೊಂಡರೂ ಒಂಬತ್ತೇ. ಅವನು ಒಂದು ಖಾಲಿ ಕಡತ ತೆರೆದು ಬೇಕಾದ ಸಾಲುಗಳನ್ನೆಲ್ಲ ಮೊದಲೇ ಬರೆದಿಟ್ಟ. ಹನ್ನೊಂದು ಸಾಲು. ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅಕ್ಷರಗಳು ಒಂದರ ಮೇಲೊಂದು ಹತ್ತತೊಡಗಿದವು.

ಒಂಬತ್ತು ಹದಿನೇಳಕ್ಕೆ ಕೆಳಗೆ ಫೋನು ಮಾಡಿದ. "ಸಿಸ್ಟರ್, ಹತ್ತು ನಿಮಿಷಕ್ಕೆ ನಿಲ್ಲಿಸ್ಬೇಡಿ. ಒಂದು ಎರಡು ನಿಮಿಷ ಆಚೀಚೆ ಆಗತ್ತೆ, ಅಷ್ಟೇ."

"ಕೇಬಲಣ್ಣ, ನನಗೆ ನೀರು ಕಾಣ್ತಿಲ್ಲ."

"ನೀರು ಮೇಷ್ಟ್ರು ಘಟಕದಲ್ಲೇ ಇದಾರೆ. ಮೀಟರ್ ಮುಂದೆ ನಿಂತು ಫೋನಲ್ಲಿ ಓದಿ ಹೇಳ್ತಾರೆ." ನೀರು ಮೇಷ್ಟ್ರು ಎಂದರೆ ಘಟಕ ನೋಡಿಕೊಳ್ಳುವವನು. ಯಾರು ಸಿಕ್ಕರೂ ನೀರಿನ ಪಾಠ ಶುರುಮಾಡುವುದಕ್ಕೆ ಬಂದ ಹೆಸರು.

"ಆ ಏಳು ಜನ ನಡುಗಿದ ದಿನಾನೂ ಘಟಕದಿಂದ ಫೋನಲ್ಲಿ ಎಲ್ಲ ಸರಿ ಇದೆ ಅಂತಲೇ ಹೇಳಿದ್ರು." ಸಿಸ್ಟರ್ ಸಿಟ್ಟಿನಲ್ಲಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. "ಫೋನಲ್ಲಿ ಕೇಳಿದ ನೀರನ್ನ ನಾನು ಯಾರ ರಕ್ತಕ್ಕೂ ಬಿಡಲ್ಲ. ನಿಮ್ಮಕ್ಕ ಆಗ್ಲಿ, ನನ್ನ ತಾಯಿ ಆಗ್ಲಿ. ಇನ್ನೂ ನಾಲ್ಕು ನಿಮಿಷ ಇದೆ. ನಿಮ್ಮ ಕೆಲಸ ನೋಡಿ."

ಒಂಬತ್ತು ಇಪ್ಪತ್ತು ದಾಟಿ ಹತ್ತು ಸೆಕೆಂಡಿಗೆ ಸ್ವಿಚ್ ಬಾಯಿಬಿಟ್ಟಿತು. ಒಳಗೆ ಹೋಗಲು ಹದಿನೈದು ಸೆಕೆಂಡು. ಹನ್ನೊಂದು ಸಾಲನ್ನೂ ಒಟ್ಟಿಗೆ ಸುರಿದ. ಈ ಸಲ ಗಡುವು ಇಡಲಿಲ್ಲ. ತಪ್ಪಿದ್ದರೆ ಮಂಗಳವಾರ ಬೀಗದ ಕೈ ಬರುವವರೆಗೆ ಯಾರಿಂದಲೂ ಏನೂ ಆಗುತ್ತಿರಲಿಲ್ಲ. ತಪ್ಪಲಿಲ್ಲ. ಆದರೆ ಒಂದು ಕಿಂಡಿಗೆ ಹೊಸ ಜಾಲ ಬಿಟ್ಟ ಮೇಲೆ ಆ ಸ್ವಿಚ್ ಕೂಡಲೇ ದಾರಿ ಬಿಡುವುದಿಲ್ಲ. ಸಂದೇಶಗಳು ಎಲ್ಲೂ ಸುತ್ತು ಹೊಡೆಯುತ್ತಿಲ್ಲ ಎಂದು ಅರ್ಧ ನಿಮಿಷ ಆಲಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ಅಷ್ಟು ಹೊತ್ತು ಕಿಂಡಿ ಹಸಿರಾಗುವುದಿಲ್ಲ. ಕೇಬಲಣ್ಣ ಎರಡೂ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದು ಆ ಅರ್ಧ ನಿಮಿಷವನ್ನು ನೋಡುತ್ತ ಕೂತ.

ಒಂಬತ್ತು ಇಪ್ಪತ್ತೊಂದಕ್ಕೆ, ಮೊದಲು ಶುರುವಾದದ್ದನ್ನು ಮೊದಲು ಎಂಬ ಕ್ರಮದಲ್ಲಿ, ದೊಡ್ಡ ಸಿಸ್ಟರ್ ಅಕ್ಕನ ಯಂತ್ರ ನಿಲ್ಲಿಸಿ ರಕ್ತವನ್ನು ಮೈಗೆ ಮರಳಿಸತೊಡಗಿದರು. ಅದು ಮುಗಿಸಿ ಟೈಲರ್‌ನ ಕುರ್ಚಿಗೆ ತಿರುಗುವ ಮುಂಚೆಯೇ ಪರದೆಯ ಮೂರೂ ಚೌಕ ಹಸಿರಾದವು. ಟೈಲರ್‌ನ ಯಂತ್ರ ನಿಲ್ಲಲೇ ಇಲ್ಲ.

ಕೇಬಲಣ್ಣ ಆ ಎರಡು ಸಾಲಿನಲ್ಲಿ ಈಗ ಬೇಕಾದ ಒಂದನ್ನು ಬರೆದು, ಬರೆದದ್ದು ಉಳಿದಿದೆಯೇ ಎಂದು ನೋಡಿ, ಕೆಳಗಿಳಿದು ಬಂದ. ರಕ್ತ ಮರಳಿಸತೊಡಗಿದ ಮೇಲೆ ಅದೇ ಕೊಳವೆಯಲ್ಲಿ ಮತ್ತೆ ಶುರುಮಾಡುವಂತಿಲ್ಲ. ಅಷ್ಟರಲ್ಲಿ ಅಕ್ಕನ ತೋಳಿನಿಂದ ಸೂಜಿ ತೆಗೆದಾಗಿತ್ತು. ನಾಲ್ಕು ಗಂಟೆಯಲ್ಲಿ ಅವಳಿಗೆ ಸಿಕ್ಕಿದ್ದು ಇಪ್ಪತ್ತಮೂರು ನಿಮಿಷ. ಅದರಲ್ಲೂ ಕೊನೆಯ ಹತ್ತು ನಿಮಿಷ ಕುರುಡು.

ದೊಡ್ಡ ಸಿಸ್ಟರ್ ಕೈಬಿಡಲಿಲ್ಲ. ಹೊಸ ಕೊಳವೆ ಜೋಡಿಸಿ, ಯಂತ್ರ ತೊಳೆಸಿ, ಹತ್ತೂಕಾಲಿಗೆ ಮತ್ತೆ ಸೂಜಿ ಹಿಡಿದರು. ನಾಲ್ಕು ವರ್ಷ ಚುಚ್ಚಿಸಿಕೊಂಡ ರಕ್ತನಾಳ. ಎರಡನೆಯ ಸಲ ಸೂಜಿ ಒಳಗೆ ಹೋದ ಜಾಗದಲ್ಲೇ ರಕ್ತ ಚರ್ಮದಡಿ ಹರಡಿತು. ನೋಡನೋಡುತ್ತ ಮೊಣಕೈ ಮೇಲೆ ನಿಂಬೆಹಣ್ಣಿನಷ್ಟು ಊದಿ, ನೇರಳೆ ಬಣ್ಣಕ್ಕೆ ತಿರುಗಿತು. ಡಾಕ್ಟರು ಬಂದು ಮುಟ್ಟಿ ನೋಡಿ, ಈ ತೋಳಿಗೆ ಇವತ್ತು ಇನ್ನು ಸೂಜಿ ಹಾಕುವಂತಿಲ್ಲ ಎಂದರು. ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ಹಾಕಿ ಮಾಡಬೇಕು. ಅದಕ್ಕೆ ಬೇಕಾದವರು ಇಲ್ಲಿ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಎರಡೂವರೆ ಗಂಟೆಯ ದಾರಿ.

ಅಲ್ಲಿಗೆ ಹನ್ನೊಂದು ಸಲ ಫೋನು ಮಾಡಿದ ಮೇಲೆ ಒಂದು ಜಾಗ ಸಿಕ್ಕಿತು. ಸಂಜೆ ಆರು ಗಂಟೆಗೆ. ಅದಕ್ಕೆ ಮುಂಚೆ ಎಲ್ಲ ಭರ್ತಿ. ಆ ತನಕ ಅಕ್ಕನನ್ನು ವಾರ್ಡಿನ ಹಾಸಿಗೆಗೆ ಹಾಕಿ ಮೂಗು ಬಾಯಿಗೆ ಮಾಸ್ಕು ಹಾಕಿ ಆಮ್ಲಜನಕ ಕೊಟ್ಟರು, ಎದೆಗೆ ತಂತಿ ಅಂಟಿಸಿದರು.

ಕೇಬಲಣ್ಣ ಹಾಸಿಗೆಯ ಪಕ್ಕದಲ್ಲಿ ನಿಂತೇ ಇದ್ದ. "ಎರಡು ಸಾಲು ಬರೀಬೇಕಿತ್ತು ಅಕ್ಕಾ. ಬರೀದೆ ಎದ್ದು ಬಂದೆ."

"ಮರೆತ್ಯಾ?"

"ಮರೆತೆ."

ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನಾನೂ ಒಂದ್ಸಲ ಇಡೀ ಚೀಲ ತಪ್ಪು ರೈಲಿಗೆ ಹಾಕಿದೀನಿ. ಎಲ್ಲ ಕಾಗದ ಊರೆಲ್ಲ ಸುತ್ತಿ... ಮೂರು ದಿನಕ್ಕೆ ವಾಪಸ್ ಬಂತು."

"ನಮ್ಮ ಹತ್ರ ಮೂರು ದಿನ ಇಲ್ಲ ಅಕ್ಕಾ."

ಅವಳ ಎದೆಗೆ ಅಂಟಿಸಿದ ತಂತಿಯ ತುದಿ ಸಡಿಲವಾಗಿತ್ತು. ಅವನು ಅಭ್ಯಾಸಬಲದಿಂದ ಅದನ್ನು ಒತ್ತಿ ಕೂರಿಸಿದ.

ಎರಡೂಮುಕ್ಕಾಲರ ಹೊತ್ತಿಗೆ ಎರಡನೆಯ ಪಾಳಿಯ ಎಂಟು ಜನರೂ ಕುರ್ಚಿ ಹತ್ತಿದ್ದರು. ಅವರಲ್ಲಿ ನಾಲ್ವರು ಶುಕ್ರವಾರದ ಸರದಿ ತಪ್ಪಿ ಬೇರೆಲ್ಲೂ ಜಾಗ ಸಿಗದವರು. ದೊಡ್ಡ ಸಿಸ್ಟರ್ ವಾರ್ಡಿಗೆ ಬಂದು, ಕೇಬಲಣ್ಣನ ಮುಖ ನೋಡದೆ, ಹಾಸಿಗೆಯ ಕಂಬಿ ಹಿಡಿದು ನಿಂತರು.

"ನೀವು ಇವರ ಜೊತೆ ಹೊರಟ್ರೆ, ಇಲ್ಲಿ ಮತ್ತೆ ಪರದೆ ಹೋದ್ರೆ ಯಾರು ನೋಡ್ತಾರೆ? ಹೊಸದಾಗಿ ಮಾಡಿದ್ದು ನೀವೊಬ್ಬರೇ ಬಲ್ಲಿರಿ. ನಾನು ಇರಿ ಅಂತ ಹೇಳೋಕಾಗಲ್ಲ. ಹೋಗಿ ಅಂತಾನೂ ಹೇಳೋಕಾಗಲ್ಲ."

"ಇರ್ತಾನೆ," ಎಂದಳು ಅಕ್ಕ, ಮಾಸ್ಕಿನೊಳಗಿಂದ.

"ಅಕ್ಕಾ..."

"ಎಂಟು ಜನ ಕಣೋ. ಇರು."

ಟೈಲರ್‌ನ ಹೆಂಡತಿ ಬೆಳಗ್ಗಿನಿಂದ ಓಣಿಯಲ್ಲೇ ಕೂತಿದ್ದಳು. ಗಂಡನದು ಮುಗಿದು ಅವನು ಚೇತರಿಸಿಕೊಂಡಿದ್ದ. ಅವಳು ಕೈಚೀಲ ಹೆಗಲಿಗೇರಿಸಿ ಬಂದು, "ನಾನು ಹೋಗ್ತೀನಣ್ಣ ಇವರ ಜೊತೆ. ನಮ್ಮವರು ಮನೆಗೆ ಒಬ್ಬರೇ ನಡ್ಕೊಂಡು ಹೋಗ್ತಾರೆ, ಅಷ್ಟಕ್ಕೂ ಏನಾಗಲ್ಲ," ಎಂದಳು. ಟೈಲರ್ ಬಾಗಿಲಲ್ಲಿ ನಿಂತು ತಲೆಯಾಡಿಸಿದ. ಅವನಿಗೆ ಕೇಬಲಣ್ಣನ ಮುಖ ನೋಡಲಾಗಲಿಲ್ಲ, ಕೇಬಲಣ್ಣನಿಗೆ ಅವನ ಮುಖವೂ.

ಆಂಬುಲೆನ್ಸ್ ಮೂರೂಕಾಲಿಗೆ ಹೊರಟಿತು. ದೊಡ್ಡ ಆಸ್ಪತ್ರೆಯವರು ಕುರ್ಚಿಯನ್ನು ಆರೂವರೆಯವರೆಗೆ ಕಾಯ್ದಿರಿಸುವುದಾಗಿ ಹೇಳಿದ್ದಾರೆ. ಅದಾದ ಮೇಲೆ ಮುಂದಿನವರನ್ನು ಕರೆಯುತ್ತಾರೆ.